ಮಸ್ಕತ್ತಿನಲ್ಲಿ ಕೊಟ್ರೇಶನಿಗೊಂದು ದೋಣಿ

ಹಗರಿಬೊಮ್ಮನಹಳ್ಳಿ

ನನ್ನ ತಂಗಿ ಗಿರಿಜಾ ಮಸ್ಕತ್ತಿನಿಂದ ಫೋನ್ ಮಾಡುವುದು ಭಾನುವಾರ ಬೆಳಿಗ್ಗೆ, ನನ್ನ ಸ್ನಾನ ಮುಗಿದ ಮೇಲೆ. ನಾನೇ ಹಾಕಿಕೊಟ್ಟ ನಿಯಮವದು. ಆ ವಾರ ಬುಧವಾರವೇ ಫೋನ್ ಬಂತು. ನಾನು ಅಂಗಳದಲ್ಲಿ ವ್ಯಾಯಾಮ ಮಾಡುತ್ತಿದ್ದೆ. ಏನೋ ಆಗಿದೆ ಎಂದುಕೊಂಡು ಅರ್ಧಕ್ಕೇ ಬಿಟ್ಟು ಓಡಿದೆ.

"ಅಣ್ಣಾ, ಇವರಿಗೆ ಹುಚ್ಚು ಹಿಡದೈತಿ."

"ಯಾರಿಗೆ?"

"ಇನ್ಯಾರಿಗೆ, ನಮ್ಮನಿಯವರಿಗೆ. ದೋಣಿ ತಗೋತಾರಂತ, ದೋಣಿ!"

"ಮೀನು ಹಿಡಿಯಾಕೇನು?"

"ಮೀನಿನ ವಾಸನಿ ಬಂದ್ರ ಮೂಗು ಮುಚ್ಚೋ ಮಂದಿ ನಾವು. ಸುಮ್ನ ಓಡಸಾಕಂತ. ಭಾಳ ಜೋರು ಓಡತೈತಂತ. ನೀ ಬಾ ಅಣ್ಣಾ. ಬಂದು ಬ್ಯಾಡ ಅನ್ನು. ನೀ ಅಂದ್ರ ಕೇಳ್ತಾರ."

ಕೇಳುತ್ತಾನೆ ಎಂಬುದು ನಿಜ. ಅವಳ ಗಂಡ ಕೊಟ್ರೇಶ ಕೊಟ್ಟೂರಿನವನು. ನಾನು ಡ್ರಿಲ್ ಮಾಸ್ತರನಾಗಿದ್ದ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕಲಿತವನು. ಆಮೇಲೆ ನಮ್ಮ ಮನೆಯ ಸಂಬಂಧ ಬೆಳೆಸಿದರೂ ನನ್ನೆದುರು ಇವತ್ತಿಗೂ ಕೈ ಹಿಂದಕ್ಕೆ ಕಟ್ಟಿಯೇ ನಿಲ್ಲುತ್ತಾನೆ. ಮಸ್ಕತ್ತಿಗೆ ಹೋಗಿ ಬಹಳ ವರ್ಷಗಳಾದವು. ಅಲ್ಲಿ ಕಾರು ಮತ್ತು ದೋಣಿಗಳ ಸೀಟು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯ ಕೈ. ಬೀಡಿ ಇಲ್ಲ, ಎಲೆ ಇಲ್ಲ. ಇಂಥವನಿಗೆ ಐವತ್ತು ದಾಟಿದ ಮೇಲೆ ಇದೆಂಥ ಆಸೆ ಎಂದು ನನಗೂ ಅನಿಸಿತು.

ಗಿರಿಜಾಳ ಭಯಕ್ಕೆ ಕಾರಣವಿತ್ತು. ನಾವು ಹುಟ್ಟಿ ಬೆಳೆದದ್ದು ತುಂಗಭದ್ರಾ ಹಿನ್ನೀರಿನ ಅಂಚಿನಲ್ಲಿ. ನಮ್ಮಪ್ಪ ಆಚೆ ದಂಡೆಯ ಹೊಲಕ್ಕೆ ಹರಿಗೋಲಿನಲ್ಲಿ ಹೋಗಿ ಬರುತ್ತಿದ್ದ. ಗಾಳಿ ಎದ್ದ ಸಂಜೆಗಳಲ್ಲಿ ಅವ್ವ ದಂಡೆಯ ಮೇಲೆ ಗಿರಿಜಾಳನ್ನು ಬಗಲಲ್ಲಿ ಎತ್ತಿಕೊಂಡು ನಿಂತಿರುತ್ತಿದ್ದಳು. ಅಪ್ಪನಿಗೆ ಏನೂ ಆಗಲಿಲ್ಲ, ವಯಸ್ಸಾಗಿ ಹಾಸಿಗೆಯಲ್ಲೇ ಹೋದ. ಆದರೂ ಗಿರಿಜಾ ಫೋನಿನಲ್ಲಿ ಹೇಳಿದ್ದು ಇದೇ: "ದಂಡಿ ಮ್ಯಾಲೆ ನಿಂತು ನೀರು ನೋಡ್ತಾ ಕಾಯೋದು ನನ್ನ ಕೈಲಾಗಂಗಿಲ್ಲ."

ಪಾಸ್‌ಪೋರ್ಟ್ ಇತ್ತು. ಹೊರಟೆ.

ಮಸ್ಕತ್, ರೂವಿ

ವಿಮಾನದ ವಿಷಯ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಮಸ್ಕತ್ತಿನಲ್ಲಿ ಇಳಿದಾಗ ಮೊದಲು ಕಂಡದ್ದು ಕಲ್ಲುಗುಡ್ಡ. ನಮ್ಮ ಕೂಡ್ಲಿಗಿ ಕಡೆಯ ಗುಡ್ಡಗಳನ್ನು ಇನ್ನಷ್ಟು ಹುರಿದು, ಇದ್ದಬದ್ದ ಜಾಲಿ ಕಂಟಿಯನ್ನೂ ಕಿತ್ತುಹಾಕಿ ಸಾಲಾಗಿ ನಿಲ್ಲಿಸಿದಂತೆ. ಅವುಗಳ ಕಾಲ ಬುಡದಲ್ಲಿ ಬಿಳಿ ಮನೆಗಳು, ಅಳತೆಗೋಲು ಹಿಡಿದು ಇಟ್ಟಷ್ಟು ನೇರ. ನಮ್ಮ ಕಡೆಯ ಬಿಸಿಲೇ, ಆದರೆ ಸಮುದ್ರದ ತೇವ ಬೆರೆತು ಅಂಗಿ ಮೈಗೆ ಅಂಟುತ್ತದೆ.

ಮರುದಿನ ಬೆಳಿಗ್ಗೆ ಒಬ್ಬನೇ ತಿರುಗಾಡಲು ಹೋದೆ. ರಸ್ತೆ ದಾಟಬೇಕೆಂದು ಅಂಚಿನಲ್ಲಿ ನಿಂತರೆ ಒಂದು ದೊಡ್ಡ ಕಾರು ನನ್ನೆದುರು ನಿಂತುಬಿಟ್ಟಿತು. ಕೆಟ್ಟಿರಬೇಕು ಎಂದುಕೊಂಡೆ. ಒಳಗಿದ್ದ ಒಮಾನಿ ಯುವಕ ದಾಟಿ ಎಂದು ಕೈ ಮಾಡಿದ. ಗಾಡಿ ಮೊದಲು ಹೋಗಲಿ, ಜನ ಆಮೇಲೆ ಎಂಬುದು ಹೊಸಪೇಟೆ ರಸ್ತೆಯಲ್ಲಿ ಕಲಿತ ಪಾಠ. ನಾನು ಅವನಿಗೆ ಹೋಗು ಎಂದು ಕೈ ಮಾಡಿದೆ. ಅವನು ಮತ್ತೆ ನನಗೆ ಮಾಡಿದ. ಹಿಂದೆ ನಾಲ್ಕಾರು ಕಾರುಗಳು ನಿಂತವು, ಒಬ್ಬನೂ ಹಾರ್ನ್ ಒತ್ತಲಿಲ್ಲ. ಕೊನೆಗೆ ಅವನೇ ಇಳಿದು ಬಂದು, ಸಲಾಂ ಹೇಳಿ, ಮೊಣಕೈ ಹಿಡಿದು ದಾಟಿಸಿದ. ಕಾರು ಕೊಳಕಾಗಿದ್ದರೆ ಅಲ್ಲಿ ಪೊಲೀಸರು ದಂಡ ಹಾಕುತ್ತಾರಂತೆ. ಆ ದೇಶ ನನಗೆ ಅಲ್ಲೇ ಹಿಡಿಸಿತು.

ರೂವಿಯ ಅವರ ಮನೆಗೆ ಬಂದು ಕೊಟ್ರೇಶನನ್ನು ಎದುರು ಕೂರಿಸಿಕೊಂಡೆ.

"ಯಾಕಪ್ಪಾ ದೋಣಿ?"

ಅವನು ನೆಲ ನೋಡಿದ. "ಭಾವ, ಎಷ್ಟು ದೋಣಿಗೆ ಸೀಟು ಹೊಲ್ದೀನಿ ಲೆಕ್ಕ ಇಲ್ಲ. ಹೊಲ್ದು ಕೊಡೂತ್ಲೆ ಅವರು ಕುಂತು ಹೋಗಿಬಿಡ್ತಾರ. ನಾನು ದಂಡಿ ಮ್ಯಾಲೆ ಸೂಜಿ ದಾರ ಹಿಡಕೊಂಡು ನಿಂತಿರ್ತೀನಿ."

"ಬಾಡಿಗಿ ದೋಣ್ಯಾಗ ಒಂದು ಸುತ್ತು ಹೋಗಿ ಬಾ. ಮುಗೀತು."

"ನಿಧಾನದ್ದು ಬ್ಯಾಡ ಭಾವ, ಮಂದಿ ಓಡಸೋದೂ ಬ್ಯಾಡ. ಹೊಲಿಗಿ ಮಷಿನ್ ದಿನಾ ಓಡತೈತಿ. ಅಷ್ಟು ಓಡಿಸಿದ್ರೂ ಒಂದು ಗೇಣು ಮುಂದಕ್ಕ ಹೋಗಿಲ್ಲ."

ಅಡುಗೆಮನೆಯಿಂದ ಗಿರಿಜಾ, "ಮುಂದಕ್ಕ ಹೋಗೋದಾದ್ರ ಕೊಟ್ಟೂರು ಬಸ್ ಹತ್ರಿ, ಮನಿ ಮುಟ್ಟೀರಿ" ಎಂದಳು. ಅವನು ನಕ್ಕ. ನಾನೂ ನಕ್ಕೆ. ಆದರೆ ಅವನ ಕಣ್ಣಂಚು ಕೆಂಪಾಗಿದ್ದನ್ನು ನಾನು ನೋಡಿದ್ದೆ.

ಇಬ್ಬರಿಗೂ ಒಂದೇ ಮಾತು ಹೇಳಿದೆ. ದೋಣಿ ನಾನು ನೋಡುತ್ತೇನೆ. ಕೆಟ್ಟಿದ್ದರೆ ಬೇಡ ಎನ್ನುತ್ತೇನೆ, ಕೊಟ್ರೇಶ ಒಪ್ಪಬೇಕು. ಚೆನ್ನಾಗಿದ್ದರೆ ಹೂಂ ಎನ್ನುತ್ತೇನೆ, ಗಿರಿಜಾ ಒಪ್ಪಬೇಕು. ಗಿರಿಜಾ ಬಹಳ ಸಂತೋಷದಿಂದ ತಲೆಯಾಡಿಸಿದಳು. ಅಣ್ಣನ ಕಣ್ಣಿಗೆ ಯಾವ ವಸ್ತುವೂ ಚೆನ್ನಾಗಿ ಕಂಡಿದ್ದಿಲ್ಲ ಎಂಬ ಧೈರ್ಯ ಅವಳಿಗೆ.

ಸೀಬ್‌ನ ಕೆಂಪು ದೋಣಿ

ಕೊಟ್ರೇಶ ಮನಸ್ಸಿಟ್ಟಿದ್ದ ದೋಣಿ ಸೀಬ್ ಎಂಬಲ್ಲಿ ಒಂದು ಶೆಡ್ಡಿನಲ್ಲಿತ್ತು. ಒಡೆಯ ಒಂಬತ್ತಕ್ಕೆ ಬನ್ನಿ ಎಂದಿದ್ದ. ನಾನು ಎಲ್ಲಿಗೂ ಹೇಳಿದ ಹೊತ್ತಿಗಿಂತ ಅರ್ಧ ತಾಸು ಮೊದಲೇ ಹೋಗುವವನು. ಮನೆಯವರೆಲ್ಲ ಇದಕ್ಕೆ ಬೈದಿದ್ದಾರೆ. ಅಂದು ನಾವು ಗೇಟಿಗೆ ಬಂದಾಗ ಒಳಗೆ ಎಂಜಿನ್ ಗುರುಗುಟ್ಟುತ್ತಿತ್ತು. ಕಾರಿನ ಬಾಗಿಲು ಹಾಕಿದ ಸದ್ದಿಗೆ ಅದು ಥಟ್ಟನೆ ನಿಂತಿತು.

ಟ್ರೇಲರ್ ಮೇಲೆ ದೋಣಿ ನಿಂತಿತ್ತು. ಉದ್ದನೆಯ ಚೂಪು ಮೂತಿ, ರಕ್ತಗೆಂಪು ಬಣ್ಣ. ಹಿಂಬದಿಗೆ ಒಂದೇ ಎಂಜಿನ್, ಹೊರಗೆ ತೂಗುಹಾಕಿದ್ದು. ಕೊಟ್ರೇಶ ಎಂಜಿನ್ ಕಡೆ ನೋಡಲೇ ಇಲ್ಲ. ಒಳಗೆ ಹತ್ತಿ ಸೀಟು ಸವರತೊಡಗಿದ.

"ಭಾವ, ಹೊಲಿಗಿ ನೋಡ್ರಿ! ಜೋಡಿ ದಾರ. ಮೂಲ್ಯಾಗ ಒಂದೂ ಸುಕ್ಕಿಲ್ಲ. ಇಷ್ಟು ಚಂದ ಇಟ್ಟುಕೊಂಡವನು ಎಂಜಿನ್ ಹಾಳು ಮಾಡ್ಯಾನೇನ್ರಿ?"

ನಾನು ಹಿಂದಕ್ಕೆ ಹೋಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಕೆಳಗೆ ನೆಲ ಒದ್ದೆ, ತಂಪು ಮಾಡಲು ಹಿಡಿದಿದ್ದ ನೀರಿನ ಪೈಪು ಇನ್ನೂ ತೊಟ್ಟಿಕ್ಕುತ್ತಿತ್ತು. ಕಪ್ಪು ಕನ್ನಡಕದ ಒಡೆಯನನ್ನು, ಇವತ್ತು ಚಾಲೂ ಮಾಡಿದ್ದಿರೇನು ಎಂದು ಕೊಟ್ರೇಶನಿಂದ ಕೇಳಿಸಿದೆ. ಇಲ್ಲವೇ ಇಲ್ಲ, ನಿಮ್ಮೆದುರೇ ಮೊದಲು ಎಂದ. ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಎದ್ದಿತು. ಏಳದೆ ಏನು ಮಾಡೀತು?

ನಮ್ಮೂರಲ್ಲಿ ಹಳೆ ಮೋಟರ್‌ಸೈಕಲ್ ಕೊಳ್ಳುವವರು ಬೆಳಗಿನ ಜಾವವೇ ಹೋಗಿ, ರಾತ್ರಿಯೆಲ್ಲ ತಣ್ಣಗೆ ನಿಂತ ಗಾಡಿಯನ್ನು ತಾವೇ ಒದೆಯುತ್ತಾರೆ. ಅಲ್ಲಿ ಅದರ ಬಣ್ಣ ಬಯಲಾಗುತ್ತದೆ. ಇದೂ ಅಷ್ಟೇ ಎಂದು ಕೊಟ್ರೇಶನಿಗೆ ಹೇಳಿದೆ. ಅವನು ಸೀಟಿನಿಂದ ಕೈ ತೆಗೆಯಲಿಲ್ಲ.

"ಇಳಿ."

ಇಳಿದ. ಕಾರಿನಲ್ಲಿ ಗಿರಿಜಾ ಹಾಡು ಗುನುಗುತ್ತ ಕೂತಿದ್ದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಬರ್ಕಾದಾಗ ಇನ್ನೊಂದು ಐತ್ರಿ ಭಾವ. ನೋಡಾಕ ಅಷ್ಟೇನ್ ಚಂದಿಲ್ಲ" ಎಂದ. ಗಿರಿಜಾಳ ಹಾಡು ನಿಂತಿತು.

ಬರ್ಕಾ

ಬರ್ಕಾ ಕಡಲ ದಂಡೆಯ ಊರು. ಅಲ್ಲಿಯ ಸಾಲಿಂ ನನ್ನ ವಯಸ್ಸಿನವನು, ಬೆಳ್ಳನೆಯ ನಿಲುವಂಗಿ, ಕಸೂತಿ ಟೋಪಿ. ಹಿಂದಿ ಚೆನ್ನಾಗಿ ಆಡುತ್ತಾನೆ, ನನಗಿಂತ ಚೆನ್ನಾಗಿ. ದೋಣಿಯ ಮಾತು ಎತ್ತುವ ಮೊದಲೇ ಕೂರಿಸಿ ಖರ್ಜೂರ ಇಟ್ಟು, ಬೆರಳುದ್ದದ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಸುರಿದ. ಕುಡಿದು ಕಪ್ಪು ನೆಟ್ಟಗೆ ಇಟ್ಟೆ. ಮತ್ತೆ ತುಂಬಿದ. ಕೊಟ್ಟಿದ್ದನ್ನು ಬಿಡುವುದು ನಮ್ಮ ಪದ್ಧತಿಯಲ್ಲ, ಕುಡಿದೆ. ಮತ್ತೆ ತುಂಬಿದ. ನನ್ನ ಎದೆ ಡೋಲು ಬಾರಿಸತೊಡಗಿದ ಮೇಲೆ ಕೊಟ್ರೇಶ ಕಿವಿಯಲ್ಲಿ, "ಸಾಕಾದ್ರ ಕಪ್ಪು ಅಲ್ಲಾಡಸಬೇಕ್ರಿ ಭಾವ" ಎಂದ.

"ಮೊದ್ಲ ಹೇಳಾಕ ಏನಾಗಿತ್ತಲೇ?"

"ನಿಮಗೆ ಹೇಳಿಕೊಡೋದು ಹೆಂಗ್ರಿ?"

ಇವನ ದೋಣಿ ಬಿಳಿ, ಬಿಸಿಲಿಗೆ ಕೆನೆಬಣ್ಣಕ್ಕೆ ತಿರುಗಿತ್ತು. ಅದೇ ಚೂಪು ಮೂತಿ, ಹಿಂದೆ ಒಂದೇ ಎಂಜಿನ್. ಸೀಟುಗಳ ಮೇಲೆ ಅಲ್ಲಲ್ಲಿ ತೇಪೆ. ಎಂಜಿನ್ ಮುಟ್ಟಿದೆ, ತಣ್ಣಗಿತ್ತು. ಮಾರುವುದೇಕೆ ಎಂದರೆ ಸಾಲಿಂ ಎರಡೂ ಮಂಡಿ ಬಡಿದು ತೋರಿಸಿದ. ವೇಗದ ದೋಣಿ ಅಲೆಯ ಮೇಲೆ ಬೀಳುವಾಗ ಮಂಡಿ ತಡೆಯಬೇಕಂತೆ, ಅವನವು ಇನ್ನು ತಡೆಯುವುದಿಲ್ಲವಂತೆ. ಒಂದೇ ಎಂಜಿನ್, ನಡುನೀರಿನಲ್ಲಿ ಕೆಟ್ಟರೆ ಎಂದು ಕೇಳಿದೆ. ಒಳಗಿದ್ದ ಹುಟ್ಟು, ಲಂಗರು, ಹಗ್ಗ ತೋರಿಸಿದ. "ದಂಡೆ ಕಾಣುವಷ್ಟು ದೂರ ಮಾತ್ರ ಹೋಗಬೇಕು, ಹೊಸಬರು" ಎಂದ. ನನಗೆ ಒಪ್ಪಿಗೆಯಾಯಿತು. ನೀರಿಗಿಳಿಸಿ ನೋಡೋಣ ಎಂದೆ.

ಆಗ ಗಿರಿಜಾ ಕಾರಿನಿಂದ ಚೀಲ ಇಳಿಸಿದಳು. "ಅಮಾಸಿ ಐತಿ ಇವತ್ತು. ಪೂಜಿ ಇಲ್ಲದ ನೀರಿಗೆ ಇಳಿಯಂಗಿಲ್ಲ."

ನಮ್ಮ ಕಡೆ ಲಾರಿ, ಬಸ್ಸು, ಟ್ರ್ಯಾಕ್ಟರು, ಯಾವುದೇ ಇರಲಿ, ಅಮಾವಾಸ್ಯೆಗೆ ಪೂಜೆ ಆಗಲೇಬೇಕು. ಕೊಳ್ಳದ ದೋಣಿಗೆ ಪೂಜೆ ಏಕೆಂದು ಕೊಟ್ರೇಶ ಗೊಣಗಿದ. "ನೀವು ಮುಳುಗಿದ ಮ್ಯಾಲೆ ಮಾಡ್ಲೇನು?" ಎಂದಳು. ಸಾಲಿಂ ಬೇಸರಿಸಲಿಲ್ಲ. ಅವರವರ ಪದ್ಧತಿ ಎಂದು ಟೋಪಿ ಸರಿಮಾಡಿಕೊಂಡು ದೂರ ನಿಂತ.

ನಿಂಬೆಹಣ್ಣು ಗಾಲಿಗಿಡಬೇಕು, ದೋಣಿಗೆ ಗಾಲಿ ಎಲ್ಲಿಯದು? ಟ್ರೇಲರ್ ಗಾಲಿಗೆ ಇಟ್ಟೆವು. ಗಿರಿಜಾ ಮೂತಿಯ ಮೇಲೆ ಒಂದು ತಂಬಿಗೆ ನೀರು ಹಾಕಿ ತೊಳೆಯಹೋಗಿ ಇಡೀ ಕೊಡ ಸುರಿದಳು, ಅರ್ಧ ಒಳಗೆ ಹೋಯಿತು. ಸಾಲಿಂ ಬಂದು ಹಿಂಬದಿಯ ಕೆಳಗೊಂದು ಹಿತ್ತಾಳೆಯ ಬಿರಡೆಯನ್ನು ತಿರುಗಿಸಿ ತೆಗೆದ. ಆ ತೂತಿನಿಂದ ಒಳಗಿನ ನೀರೆಲ್ಲ ಸುರಿದು ಹೋಯಿತು. ನೀರು ಪೂರ್ತಿ ಇಳಿಯಲಿ ಎಂದು ಬಿರಡೆಯನ್ನು ನನ್ನ ಕೈಗೆ ಕೊಟ್ಟು, ಟ್ರೇಲರ್ ಎಳೆಯುವ ಜೀಪು ತರಲು ಹೋದ. ಬಿರಡೆ ಕೊಳೆಯಾಗಿತ್ತು. ಪಂಚೆಯ ಅಂಚಿನಿಂದ ಉಜ್ಜಿದೆ, ಬಂಗಾರದಂತೆ ಹೊಳೆಯಿತು.

"ಏನದು ಅಣ್ಣಾ? ಬೂಚೇನು? ಹಿತ್ತಾಳಿ ಸಾಮಾನು, ತಟ್ಟ್ಯಾಗಿಡು, ಅದಕ್ಕೂ ಈಬತ್ತಿ ಹಚ್ತೀನಿ."

ದಸರೆಯ ಆಯುಧಪೂಜೆಗೆ ನಾವು ಪಾನಾ, ಸ್ಕ್ರೂಡ್ರೈವರ್ ಎಲ್ಲ ತಟ್ಟೆಯಲ್ಲಿ ಜೋಡಿಸುವುದಿಲ್ಲವೇ? ನಾನು ದೋಣಿಯ ಕೀಲಿಯನ್ನು ಎಡಕ್ಕೆ, ಬಿರಡೆಯನ್ನು ಬಲಕ್ಕೆ ನೇರವಾಗಿ ಇಟ್ಟೆ. ವಿಭೂತಿ, ಕುಂಕುಮ, ಮೇಲೆ ಹೂವು. ಹಡಗಲಿ ಮಲ್ಲಿಗೆಯ ಮುಂದೆ ಅಲ್ಲಿಯ ಹೂವಿಗೆ ಪರಿಮಳವೇ ಇಲ್ಲ ಎಂದು ಗಿರಿಜಾ ಎರಡು ಹಿಡಿ ಜಾಸ್ತಿಯೇ ಹಾಕಿದಳು. ಆರತಿ ಆಯಿತು, ಕಾಯಿ ಒಡೆದಾಯಿತು. ಅಷ್ಟರಲ್ಲಿ ಜೀಪು ಬಂತು. ಸಾಲಿಂ ತಟ್ಟೆಯಿಂದ ಕೀಲಿ ಎತ್ತಿಕೊಂಡ. ನಾನು ಕಾಲಿಗೆ ನೀರು ತಾಗದಂತೆ ಪಂಚೆ ಎತ್ತಿ ಕಟ್ಟುವುದರಲ್ಲಿದ್ದೆ. ತಟ್ಟೆ ಹೂವಿನ ಸಮೇತ ಗಿರಿಜಾಳ ಕೈಯಲ್ಲೇ ಉಳಿಯಿತು.

ನೀರಿನ ಮೇಲೆ

ಮೊದಲು ಮೆಲ್ಲಗೆ ಹೋದೆವು. ಹಿಂಬದಿ ತುಸು ಭಾರವಾಗಿದೆ ಎಂದು ಸಾಲಿಂ ನನ್ನನ್ನೇ ಅಳೆಯುವಂತೆ ನೋಡಿದ. ಆಮೇಲೆ ಲಿವರ್ ಮುಂದಕ್ಕೆ ತಳ್ಳಿದ. ಮೂತಿ ಆಕಾಶಕ್ಕೆ ಎದ್ದಿತು, ಒಂದು ಕ್ಷಣ ಸಮುದ್ರವೇ ಕಾಣಲಿಲ್ಲ. ಮರುಕ್ಷಣ ಅದು ಮುಂದಕ್ಕೆ ಬಾಗಿ ನೀರಿನ ಮೇಲೇ ಜಾರತೊಡಗಿತು. ನೀರನ್ನು ಸೀಳಿಕೊಂಡು ಹೋಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ, ತಟ್ಟಿ ತಟ್ಟಿ ಹಾರುತ್ತದೆ. ನಮ್ಮ ಹರಿಗೋಲು ಗುಂಡಗೆ ತಿರುಗಿಕೊಂಡು, ದಾರಿಯಲ್ಲಿ ನಾಲ್ಕು ಊರಿನ ಸುದ್ದಿ ಮುಗಿಸಿ ದಂಡೆ ಸೇರುವಂಥದು. ಇದು ಬಾಯಿ ತೆರೆಯಲೂ ಬಿಡಲಿಲ್ಲ. ಕೊಟ್ರೇಶ ಮಾತ್ರ ಬಾಯಿ ತೆರೆದು ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ಅವನ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ತಿರುಗಿ ದಂಡೆಯ ಹತ್ತಿರ ಬಂದಾಗ ಗಿರಿಜಾ ಕಂಡಳು. ತಟ್ಟೆ ಎರಡೂ ಕೈಯಲ್ಲಿ ಎತ್ತಿ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದಳು.

"ನೋಡ್ರಿ ಭಾವ! ನಿಮ್ಮ ತಂಗಿ ಆರತಿ ಎತ್ತಾಕತ್ಯಾಳ! ಸಿಟ್ಟು ಇಳೀತು!"

ಸಾಲಿಂ ಮರ್ಯಾದೆಗೆ ಎಂಜಿನ್ ಆರಿಸಿ ದೋಣಿ ನಿಲ್ಲಿಸಿದ. ಮೂವರೂ ಕೈ ಬೀಸಿದೆವು. ಅವಳು ಇನ್ನೂ ಜೋರಾಗಿ ಆಡಿಸಿದಳು, ಹೂವೆಲ್ಲ ಚೆಲ್ಲಿತು. ನಾವೂ ಇನ್ನೂ ಜೋರಾಗಿ ಬೀಸಿದೆವು. ಆಗ ನನ್ನ ಹಿಮ್ಮಡಿ ತಣ್ಣಗಾಯಿತು. ನೋಡಿದರೆ ನೀರು. ನೋಡುತ್ತಿದ್ದಂತೆ ಗಿಣ್ಣಿಗೆ ಬಂತು. ದೋಣಿಯ ಹಿಂಬದಿ ಕುಸಿಯುತ್ತಿತ್ತು. ದಂಡೆಯಲ್ಲಿ ಗಿರಿಜಾ ತಟ್ಟೆ ಬಿಸಾಕಿ, ಎರಡು ಬೆರಳಲ್ಲಿ ಏನನ್ನೋ ಹಿಡಿದು ಎತ್ತಿ ತೋರಿಸಿದಳು. ಬಿಸಿಲಿಗೆ ಅದು ಮಿಂಚಿತು.

"ಬೂಚು!" ಎಂದೆ.

ಸಾಲಿಂಗೆ ಕನ್ನಡ ಬೇಕಾಗಲಿಲ್ಲ. ಒಂದು ಗುಂಡಿ ಒತ್ತಿದ. ದೋಣಿಯ ಪಕ್ಕೆಯಿಂದ ನೀರು ದಪ್ಪಗೆ ಹೊರಗೆ ಚಿಮ್ಮತೊಡಗಿತು, ಒಳಗೊಂದು ಪಂಪಿತ್ತು. ಕೀಲಿ ತಿರುಗಿಸಿದ. ಹಿಂಬದಿ ಅಷ್ಟು ಮುಳುಗಿದ್ದರೂ ಎಂಜಿನ್ ಮೊದಲ ತಿರುವಿಗೇ ಎದ್ದಿತು. ಲಿವರ್ ಪೂರ್ತಿ ತಳ್ಳಿ, "ಹಿಡಿದುಕೊಳ್ಳಿ" ಎಂದು ಕೂಗಿದ. ಓಡುತ್ತಿರುವಷ್ಟು ಹೊತ್ತು ನೀರು ಬಂದ ತೂತಿನಿಂದಲೇ ಹಿಂದಕ್ಕೆ ಹೋಗುತ್ತದಂತೆ, ನಿಂತರೆ ತುಂಬುತ್ತದಂತೆ. ಮೊದಲ ಓಟದಲ್ಲಿ ಗೊತ್ತಾಗದೆ ಹೋದದ್ದು ಅದಕ್ಕೇ. ನನ್ನ ಜೀವಮಾನದಲ್ಲಿ, ಬಸ್ಸಿನಲ್ಲಿ, ಜೀಪಿನಲ್ಲಿ, ಎಲ್ಲೇ ಆಗಲಿ, ನಿಧಾನ ಎಂದೇ ಹೇಳಿದವನು ನಾನು. ಅಂದು ಮೊದಲ ಸಲ, "ಓಡ್ಸು! ಇನ್ನೂ ಓಡ್ಸು!" ಎಂದು ಅರಚಿದೆ.

ಮರಳು ಕಾಣುತ್ತಲೇ ಸಾಲಿಂ ಎಂಜಿನ್ ಮೇಲಕ್ಕೆತ್ತಿದ. ದೋಣಿ ಸರ್ರನೆ ಆಳವಿಲ್ಲದ ನೀರಿಗೆ ನುಗ್ಗಿ ನಿಂತಿತು. ಸಾಲಿಂ, ನಾನು ಹಾರಿ ಇಳಿದು ಹಿಡಿದುಕೊಂಡೆವು. ಅಷ್ಟರಲ್ಲಿ ಗಿರಿಜಾ ಸೀರೆ ಎತ್ತಿ ಸಿಕ್ಕಿಸಿಕೊಂಡು ತೊಡೆಯುದ್ದದ ನೀರಿಗೆ ಬಂದಾಗಿತ್ತು.

"ಎಲ್ಲೈತಿ ತೂತು? ತೋರಸ್ರಿ ಮೊದ್ಲ!"

ಮುಳುಗು ಹಾಕಿದಂತೆ ಬಾಗಿ, ಕೈಯಾಡಿಸಿ ಹುಡುಕಿ, ಬಿರಡೆ ತಿರುಗಿಸಿ ಬಿಗಿ ಮಾಡಿದಳು. ಎದ್ದು ಮುಖದ ಉಪ್ಪು ನೀರು ಒರೆಸಿಕೊಂಡು, "ಮಂದಿ ಹೊಯ್ಕೊಂಡ್ರ ಕೈ ಬೀಸ್ತಾವ ಮೂರು ಮುದುಕ್ರು" ಎಂದಳು.

ಸಾಲಿಂ ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದ. ಇಳಿಸುವ ಮುಂಚೆ ನೋಡಬೇಕಾದದ್ದು ತಾನು ಎಂದ. ಪೂಜೆಯಲ್ಲಿ ಇಟ್ಟದ್ದು ನಾನು ಎಂದೆ. ಇಬ್ಬರೂ ತಪ್ಪನ್ನು ತನ್ನದು ತನ್ನದು ಎಂದು ಎಳೆದಾಡುತ್ತಿರುವಾಗ ಕೊಟ್ರೇಶ ಇನ್ನೂ ದೋಣಿಯೊಳಗೇ ಕಂಬಿ ಹಿಡಿದು ಕೂತಿದ್ದ. ಬೆರಳು ಬಿಡಿಸಿ ಇಳಿಸಬೇಕಾಯಿತು.

ದಂಡೆ

ಅವನು ಮರಳಿನ ಮೇಲೆ ಕೂತ. ತುಟಿ ಬಿಳಿಚಿಕೊಂಡಿತ್ತು. "ಬ್ಯಾಡ ಬಿಡ್ರಿ ಭಾವ. ನಂದಲ್ಲ ಇದು. ಹೋಗೂಣ ನಡ್ರಿ."

ನಾನು ಸಮುದ್ರ ದಾಟಿ ಬಂದ ಕೆಲಸ ತಾನಾಗಿಯೇ ಮುಗಿದಿತ್ತು. ಗಿರಿಜಾ ಹಿಗ್ಗುತ್ತಾಳೆ ಎಂದು ಅವಳತ್ತ ನೋಡಿದೆ. ಅವಳು ಸೀರೆಯ ನೆರಿಗೆ ಹಿಂಡುತ್ತಿದ್ದಳು, ಗಂಡನನ್ನು ನೋಡಿ ಹಿಂಡುವುದನ್ನು ನಿಲ್ಲಿಸಿದಳು.

ಶಾಲೆಯಲ್ಲಿ ನಾವು ಮರದ ಕುದುರೆಯೊಂದನ್ನು ಇಟ್ಟು ಹುಡುಗರನ್ನು ಅದರ ಮೇಲಿಂದ ಹಾರಿಸುತ್ತಿದ್ದೆವು. ಓಡಿ ಬಂದು, ಕೈಯೂರಿ, ಆಚೆ ಜಿಗಿಯುವುದು. ಬಿದ್ದ ಹುಡುಗನನ್ನು ನಾನು ಮನೆಗೆ ಕಳಿಸುತ್ತಿರಲಿಲ್ಲ. ಮೈ ಒರೆಸಿ, ಮೂಳೆ ಮುಟ್ಟಿ ನೋಡಿ, ಗಂಟೆ ಹೊಡೆಯುವುದರೊಳಗೆ ಇನ್ನೊಮ್ಮೆ ಹಾರಿಸುತ್ತಿದ್ದೆ. ಹಾರದೆ ಮನೆಗೆ ಹೋದವನಿಗೆ ಮರುದಿನ ಅದು ಕುದುರೆಯಲ್ಲ, ಗುಡ್ಡ. ಮತ್ತೆಂದೂ ಹಾರುವುದಿಲ್ಲ. ತಂದೆತಾಯಿ ನನ್ನನ್ನು ಕಟುಕ ಎಂದು ಬೈದದ್ದೂ ಉಂಟು.

"ಏಳಪ್ಪಾ ಕೊಟ್ರೇಶ" ಎಂದೆ. "ಇನ್ನೊಂದು ಸಲ ಹೋಗಿ ಬಾ. ಈ ಸಲ ಚುಕ್ಕಾಣಿ ನೀ ಹಿಡಿ."

"ಭಾವ, ನನ್ನ ಕೈಲಿ ಆಗಂಗಿಲ್ರಿ."

"ಆಗತೈತಿ, ಏಳು."

ಗಿರಿಜಾ ನಡುವೆ ಬಂದಳು. "ಅಣ್ಣಾ! ನಿನ್ನ ಕರಸಿದ್ದು ಬ್ಯಾಡ ಅನ್ನಾಕ."

"ದೋಣಿ ಕೆಟ್ಟಿದ್ರ ಬ್ಯಾಡ ಅಂತೀನಿ ಅಂದಿದ್ದೆ. ದೋಣಿ ಕೆಟ್ಟಿಲ್ಲವ್ವಾ. ಬುಡದಾಗ ತೂತು ಬಿಟ್ಕೊಂಡು ಹೋದ್ರೂ ಮೂವರನ್ನ ದಂಡಿಗೆ ತಂದು ಹಾಕೈತಿ. ಪಂಪು ಹತ್ತಿತು, ಎಂಜಿನ್ ಒಂದೇ ತಿರುವಿಗೆ ಎದ್ದಿತು. ಇದಕ್ಕಿಂತ ಪರೀಕ್ಷಾ ಹೆಂಗ ಮಾಡ್ಲಿ? ಈಗ ದೋಣಿ ನೋಡೋದು ಮುಗೀತು, ಕೊಟ್ರೇಶನ್ನ ನೋಡೋದೈತಿ. ತಾನೇ ನಡಿಸಿಕೊಂಡು ಬಂದ್ರ ಹೂಂ. ಅಂಜಿ ಕುಂತ್ರ, ನಾನ ಬ್ಯಾಡ ಅಂತೀನಿ."

ಅವಳು ಗಂಡನ ಎದುರು ಹೋಗಿ ನಿಂತು, "ಮನಿಗೆ ಹೋಗಿ ಮತ್ತ ಕಿಟಕ್ಯಾಗ ನೋಡ್ತಾ ಕುಂದರವರು ನೀವು. ನನಗದನ್ನ ನೋಡಾಕ ಆಗಂಗಿಲ್ಲ. ಏಳ್ರಿ" ಎಂದಳು.

ಅವನು ಎದ್ದ. ಸಾಲಿಂ ಪಕ್ಕದ ಸೀಟಿನಲ್ಲಿ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ. ಕೊಟ್ರೇಶ ಚುಕ್ಕಾಣಿ ಹಿಡಿದ. ಹೊರಡುವಾಗ ಲಿವರ್ ತಳ್ಳಿದ ರಭಸಕ್ಕೆ ಎಂಜಿನ್ ನಿಂತೇಹೋಯಿತು. ಮತ್ತೆ ಚಾಲೂ ಮಾಡಿದ. ಸ್ವಲ್ಪ ದೂರ ಕುಡಿದವನಂತೆ ಅಡ್ಡಾದಿಡ್ಡಿ ಹೋದ. ಆಮೇಲೆ ನೇರವಾದ. ಆಮೇಲೆ ಮೂತಿ ಎದ್ದಿತು, ಬಾಗಿತು, ದೋಣಿ ಜಾರತೊಡಗಿತು.

ನಾವಿಬ್ಬರೂ ನಿಂತು ನೋಡಿದೆವು. ಅವನು ದೂರ ಹೋಗಿ ತಿರುಗಿದ. ನೇರ ನಮ್ಮ ಕಡೆ ಬಂದ. ಬಂತು, ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ದಂಡೆಯ ಮುಂದೆ ದೊಡ್ಡದೊಂದು ಸುತ್ತು ಹಾಕಿ, ನಮ್ಮತ್ತ ತಿರುಗಿಯೂ ನೋಡದೆ ಮತ್ತೆ ನೀರಿಗೆ ಹೋದ. ಸಾಲಿಂನ ಟೋಪಿ ಹಾರಿತು. ಅದನ್ನು ಹಿಡಿಯಲು ಹೋದ ಅವನ ನಗು ನಮ್ಮವರೆಗೂ ಕೇಳಿಸಿತು.

"ಹೂಂ ಅಂದಂಗಾತಲ್ಲ ಅಣ್ಣಾ?" ಎಂದು ಗಿರಿಜಾ ಕೇಳಿದಳು.

"ಹೂಂ" ಎಂದೆ.

ಅವಳು ಕಾರಿನಿಂದ ಬುತ್ತಿ ತಂದು ಮರಳಿನ ಮೇಲೆ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನನಗೆ ಬಡಿಸಿದಳು. ಗಂಡ ಕೈ ತೊಳೆಯುವ ಮುಂಚೆ ಅವಳು ಒಂದು ತುತ್ತು ಬಾಯಿಗಿಟ್ಟದ್ದನ್ನು ಮದುವೆಯಾದಾಗಿನಿಂದ ಯಾರೂ ಕಂಡಿಲ್ಲ. ಜ್ವರ ಬಂದಾಗಲೂ ಕಾದಿದ್ದಾಳೆ. ದೋಣಿ ಇನ್ನೊಮ್ಮೆ ಹತ್ತಿರ ಬಂದು ಇನ್ನೊಮ್ಮೆ ದೂರ ಹೋಯಿತು.

"ಬರ್ತಾರ ಬಿಡು" ಎಂದು ಗಿರಿಜಾ ತನಗೂ ಒಂದು ರೊಟ್ಟಿ ಹಾಕಿಕೊಂಡು, ಮುರಿದು, ತಿನ್ನತೊಡಗಿದಳು.